ಕಣ್ಣು ಮುಚ್ಚಿ ಮೂರು ಸುತ್ತು

ನವ್ಯಾ ಮೊದಲು ಬಿದ್ದದ್ದು ದೇವರ ಮನೆಯ ಮುಂದೆ. ಮಂಗಳಾರತಿ ಮುಗಿದಿತ್ತು. ಕೈಮುಗಿದು, ಕಣ್ಣು ಮುಚ್ಚಿ, ನಿಂತಲ್ಲೇ ಮೂರು ಸುತ್ತು ತಿರುಗುವುದು ನಮ್ಮಲ್ಲಿ ವಾಡಿಕೆ. ಎರಡನೆಯ ಸುತ್ತಿನಲ್ಲಿ ಅವಳು ಎಡಕ್ಕೆ ವಾಲಿದಳು.

ಮತ್ತೆ ಏಳಲಾಗಲಿಲ್ಲ.

ನವ್ಯಾ ನನ್ನ ತಂಗಿಯ ಮಗಳು. ಇಪ್ಪತ್ತೆರಡು ವರ್ಷ. ಕುವೆಂಪುನಗರದ ನನ್ನ ಮನೆಯಲ್ಲಿದ್ದುಕೊಂಡು ಎಂ.ಎಸ್ಸಿ. ಓದುತ್ತಿದ್ದಾಳೆ. ಸ್ಕೂಟರು ಅವಳಿಗೆ ಮೂರನೆಯ ಕಾಲು. ನೆಲಕ್ಕೆ ಅಂಟಿಕೊಂಡು ವಾಂತಿ ಮಾಡುತ್ತಿದ್ದವಳ ಹಣೆಗೆ ನನ್ನ ಅತ್ತಿಗೆ ಗಿರಿಜಮ್ಮ ಕುಂಕುಮ ಹಚ್ಚಿ ಕೈಮುಗಿದರು.

“ತಾಯಿ ಮೈಮೇಲೆ ಬಂದ್ಬುಟ್ಟಿದಾಳೆ ಕಣ್ರೀ. ಏನು ಬೇಕೂಂತ ಕೇಳಿ!”

“ಬಕೆಟ್ ಬೇಕು ಅತ್ತೆ,” ಎಂದಳು ನವ್ಯಾ.

ಆಸ್ಪತ್ರೆಯಲ್ಲಿ ಇಎನ್‌ಟಿ ವೈದ್ಯರು ವೆಸ್ಟಿಬ್ಯುಲರ್ ನ್ಯೂರೈಟಿಸ್ ಎಂದರು. ಒಳಕಿವಿಯಿಂದ ಮೆದುಳಿಗೆ ಸಮತೋಲನದ ಸುದ್ದಿ ಒಯ್ಯುವ ನರದ ಉರಿಯೂತ. ಈಚೆಗೆ ಜ್ವರ ಬಂದಿತ್ತೇ ಎಂದು ಕೇಳಿದರು. ಹಬ್ಬ ಆದಮೇಲೆ ಬಂದಿತ್ತು ಎಂದು ಗಿರಿಜಮ್ಮ ತೀರ್ಪಿತ್ತರು. ಶಾಸನಗಳ ಕಾಲನಿರ್ಣಯದಲ್ಲೇ ಆಯುಷ್ಯ ಸವೆಸಿದ ನನಗೆ ಇಂಥ ಉಡಾಫೆ ಸಹಿಸಲಾಗದು. ಪರಿಶೀಲಿಸಿದ್ದೇನೆ: ಜ್ವರ ಬಂದದ್ದು ಗೌರಿ ಹಬ್ಬಕ್ಕೆ ಮೊದಲು.

ತಲೆಸುತ್ತು ಇಳಿಯಿತು. ಭಯ ಇಳಿಯಲಿಲ್ಲ. ಅವಳು ಗೋಡೆ ಸವರುತ್ತ ನಡೆದಳು. ಕತ್ತು ಕೊರಡಾಯಿತು, ಹೆಗಲು ಕಿವಿಯವರೆಗೆ ಏರಿತು. ಸ್ಕೂಟರಿನ ಕೀಲಿಯನ್ನು ತಾನಾಗಿಯೇ ತಂದು ನನ್ನ ಕೈಗಿಟ್ಟಳು. ಆ ವಯಸ್ಸಿನ ಹುಡುಗಿ ಹಾಗೆ ಕೀಲಿ ಕೊಡಬಾರದು.

ಬಂಧುಗಳ ಸಲಹಾ ಮಂಡಳಿ ಜಿಮ್ ಸೂಚಿಸಿತು. ಅಲ್ಲಿನ ಟ್ರೈನರ್‌ನ ತೋಳುಗಳು ಪಕ್ಕೆಗೆ ತಾಗದಷ್ಟು ಉಬ್ಬಿದ್ದವು. ಜ್ಞಾನಕ್ಕೆ ಆ ಸೌಭಾಗ್ಯವಿರಲಿಲ್ಲ. ನಾನು ಒಳಕಿವಿಯ ವಿಷಯ ಎತ್ತಿದೆ.

“ಕಿವಿ ಬುಡಿ ಮ್ಯಾಮ್. ಇದು ಪೋಶ್ಚರ್ ಪ್ರಾಬ್ಲಂ. ಕೋರ್, ಅಂದ್ರೆ ಹೊಟ್ಟೆ-ಸೊಂಟ, ಸ್ಟ್ರಾಂಗ್ ಮಾಡ್ಬುಟ್ರೆ ಎಲ್ಲಾ ಸರಿಹೋಗುತ್ತೆ.”

ನಾಲ್ಕೂ ಗೋಡೆಗೆ ಕನ್ನಡಿ. ಕೆಲವೇ ದಿನಗಳಲ್ಲಿ ಅವುಗಳ ನಡುವೆ ನವ್ಯಾ ಅಲುಗದೆ ಕಂಬದಂತೆ ನಿಂತಳು. ಆತ ಫೋಟೋ ತೆಗೆದು, ತನ್ನ ಯಶಸ್ಸೆಂದು ಕನ್ನಡಿಗೆ ಅಂಟಿಸಿದ.

ಆ ವಾರವೇ ಬಚ್ಚಲಲ್ಲಿ, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ, ಮತ್ತೆ ಬಿದ್ದಳು.

ಅನಂತರ ವೈದ್ಯರು ಫಿಸಿಯೋಥೆರಪಿಸ್ಟ್ ಶಾಹೀನ್ ಅವರಲ್ಲಿಗೆ ಕಳುಹಿಸಿದರು. ಮೊದಲೇ ಕಳುಹಿಸಬಹುದಿತ್ತು; ಅವರು ಒಮ್ಮೆಯೂ ಕಂಪ್ಯೂಟರಿನಿಂದ ಕಣ್ಣೆತ್ತಿರಲಿಲ್ಲ.

“ಇಷ್ಟು ದಿನ ಗೋಡೆ ಬಿಟ್ಟು ಕನ್ನಡಿ ಹಿಡ್ಕೊಂಡಿದೀಯ ಅಷ್ಟೆ. ಕಣ್ಣು ಮುಚ್ಚಿದ್ರೆ ಹಿಡ್ಕೊಳೋಕೆ ಏನೂ ಇಲ್ಲ,” ಎಂದರು ಶಾಹೀನ್. ಮೆತ್ತನೆಯ ಫೋಮಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿಸಿದರು. “ತಲೆ ಆಡ್ಸು. ಸುತ್ತುತ್ತೆ, ಸುತ್ಲಿ ಬಿಡು. ಸುತ್ತಿದ್ರೇನೇ ಮೆದುಳು ಕಲಿಯೋದು ಕಣಮ್ಮ.”

ಅವಳು ಅಳುತ್ತಲೇ ಕಲಿತಳು. ಕಾಲಿಗೆ ಬಲ ಬಂದದ್ದು ಜಿಮ್ಮಿನಿಂದ ಎಂಬುದನ್ನೂ ದಾಖಲಿಸಬೇಕು. ತಿರಸ್ಕಾರಕ್ಕೂ ಆಧಾರ ಸರಿಯಿರಬೇಕು.

ಕಾರ್ತಿಕದ ಒಂದು ಸೋಮವಾರ ಮಂಗಳಾರತಿಯಾಯಿತು. ಗಿರಿಜಮ್ಮನ ಕೈಯಲ್ಲಿ ಕುಂಕುಮದ ಬಟ್ಟಲು ಸಿದ್ಧವಿತ್ತು. ನವ್ಯಾ ಕಣ್ಣು ಮುಚ್ಚಿದಳು. ಎರಡನೆಯ ಸುತ್ತಿಗೆ ಎಡಕ್ಕೆ ವಾಲಿದಳು. ನನ್ನ ಕೈ ಮುಂದೆ ಹೋಯಿತು. ಅದಕ್ಕಿಂತ ಮೊದಲೇ ಅವಳ ಪಾದ ತಾನಾಗಿ ಸರಿದು ನೆಲ ಹಿಡಿಯಿತು.

ಮೂರನೆಯ ಸುತ್ತೂ ಮುಗಿಯಿತು.

“ತಾಯಿ ದಯೆ,” ಎಂದರು ಗಿರಿಜಮ್ಮ.

“ಫೋಮಿಂದೂ ಸ್ವಲ್ಪ ಇದೆ ಅತ್ತೆ.”

ನಿನ್ನೆ ಅವಳು ಕೀಲಿ ಕೇಳಿದಳು. ಇನ್ನೂ ಕೊಟ್ಟಿಲ್ಲ, ಶಾಹೀನ್ ಒಪ್ಪಬೇಕು. ಆದರೆ ಕೇಳಿದಳಲ್ಲ. ಆ ದಿನಾಂಕವನ್ನು ನಾನು ಯಾರ ಬಳಿಯೂ ತಾಳೆ ನೋಡಬೇಕಿಲ್ಲ.