ಗಾಳಿಯನ್ನು ನಿಲ್ಲಿಸಲು ಮಂಗಳೂರಿಗೆ ಹೋದದ್ದು

ಹಾಸನದಲ್ಲಿ ಬೆಳಿಗ್ಗೆ ಮಂಗಳೂರು ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೊಂದು ಉದ್ದನೆಯ ಪೆಟ್ಟಿಗೆಯಿತ್ತು. ಒಳಗಿದ್ದದ್ದು ಎಲೆಕ್ಟ್ರಿಕ್ ಆಕ್ಚುಯೇಟರ್. ಮೋಟರು ತಿರುಗಿದರೆ ಅದರ ಉಕ್ಕಿನ ದಂಡ ನೆಟ್ಟಗೆ ಮುಂದೆ ಹೋಗಿ ಹಿಂದೆ ಬರುತ್ತದೆ, ಅಷ್ಟೇ. ಆದರೂ ಬಾಣಂತಿ ಕೂಸನ್ನು ಹಿಡಿದಂತೆ ಹಿಡಿದಿದ್ದೆ. ಕಂಡಕ್ಟರ್ ಬೆರಳಿನಿಂದ ತಟ್ಟಿ, "ಎಂತ ಉಂಟು ಇದರಲ್ಲಿ? ಕೋಳಿಯಾ?" ಎಂದ.

"ಯಂತ್ರದ ಭಾಗ."

"ಹಾಗಾದ್ರೆ ಫುಲ್ ಲಗೇಜ್. ಕೋಳಿಗಾದ್ರೆ ಅರ್ಧ ಇತ್ತು."

ಶಿರಾಡಿಯಲ್ಲಿ ರಸ್ತೆ ಅಗೆದಿದ್ದರು. ಗ್ಯಾಸ್ ಟ್ಯಾಂಕರಿನ ಬೆನ್ನು ನೋಡುತ್ತಲೇ ಘಾಟಿ ಇಳಿದದ್ದಾಯಿತು. ಹಂಪನಕಟ್ಟೆಯ ಲಾಡ್ಜು ಸೇರುವಷ್ಟರಲ್ಲಿ ಅಂಗಿ ಹಿಂಡಿದರೆ ಒಂದು ಚೊಂಬು ಬೆವರು.

ಮರುದಿನ ಸಿಟಿ ಬಸ್ಸಿನಲ್ಲಿ ಶಕ್ತಿನಗರಕ್ಕೆ ಹೋದೆ. ಅಲ್ಲಿ ಲವೀನಾ ಬಾಯಿಯವರ ಗೋಡಂಬಿ ಪ್ಯಾಕಿಂಗ್ ಘಟಕ. ಪೊಟ್ಟಣದ ಬಾಯಿ ಒತ್ತುವ ಯಂತ್ರಗಳೆಲ್ಲ ಗಾಳಿಯ ಸಿಲಿಂಡರಿನವು. ಎಲ್ಲಕ್ಕೂ ಗಾಳಿ ಊದಲು ಮೂಲೆಯಲ್ಲಿ ಒಂದು ಕಂಪ್ರೆಸರ್, ಇಡೀ ದಿನ ಅದರದ್ದೇ ಗಲಾಟೆ. ಕಡಲತಡಿಯ ಗಾಳಿಯನ್ನು ಒತ್ತಿ ತುಂಬಿದರೆ ನೀರೂ ಸೇರಿಕೊಳ್ಳುತ್ತದೆ. ಸಿಲಿಂಡರುಗಳು ತುಕ್ಕು ಹಿಡಿದು ಲವೀನಾ ಬಾಯಿಯವರಿಗೆ ಸಾಕಾಗಿತ್ತು. ಅವುಗಳ ಜಾಗದಲ್ಲಿ ನನ್ನ ಆಕ್ಚುಯೇಟರ್ ಕೂರಿಸಿದರೆ ಗಾಳಿಯೇ ಬೇಡ.

"ಒಂದಕ್ಕೆ ಹಾಕಿ ತೋರಿಸಿ," ಎಂದರು. "ಸಂಜೆವರೆಗೆ ಓಡಿದ್ರೆ ಉಳಿದದ್ದೂ ನಿಮಗೇ. ಇಲ್ಲದಿದ್ರೆ ನನ್ನ ಹಳೇ ಸಿಲಿಂಡರ್ ವಾಪಸ್ ಕೂರಿಸಿ ಹೋಗಿ."

ನಮ್ಮ ಸಣ್ಣ ವರ್ಕ್‌ಶಾಪಿಗೆ ಬೇರೆ ಕೆಲಸವಿರಲಿಲ್ಲ. ಇದು ಸಿಗದಿದ್ದರೆ ಬಾಗಿಲು ಹಾಕುವುದೇ.

ಮಧ್ಯಾಹ್ನದ ಹೊತ್ತಿಗೆ ದಂಡ ಸದ್ದಿಲ್ಲದೆ ಓಡಾಡಿತು. ವೈರು ಸೇರುವ ಡಬ್ಬಿಯ ಮುಚ್ಚಳ ಮಾತ್ರ ಬಿಗಿಯಬೇಕಿತ್ತು. ಕೈ ತೊಳೆದು ಬರೋಣವೆಂದು ಹೋದೆ. ಬಂದು ನೋಡುತ್ತೇನೆ, ಫೋರ್‌ಮನ್ ಸುಂದರಣ್ಣ ಯಂತ್ರಕ್ಕೆ ದಾಸವಾಳ ಮುಡಿಸಿ, ಕುಂಕುಮವಿಟ್ಟು, ಅದರ ಕಬ್ಬಿಣದ ಮೂಲೆಗೇ ತೆಂಗಿನಕಾಯಿ ಕುಟ್ಟಿಬಿಟ್ಟಿದ್ದಾರೆ! ನೀರೆಲ್ಲ ಡಬ್ಬಿಯೊಳಗೆ. ದಂಡ ಅರ್ಧ ದಾರಿಯಲ್ಲಿ ನಿಂತಿತು.

"ಏನ್ರೀ ಇದು!" ಎಂದು ಕೂಗಿ ಕರೆಂಟು ತೆಗೆದೆ.

"ಹೊಸ ಮಿಷಿನ್‌ಗೆ ಕಾಯಿ ಒಡೆಯದೆ ಇರ್ಲಿಕ್ಕೆ ಆಗ್ತದಾ ಮಾರಾಯ್ರೆ? ಹಳೆಯದಕ್ಕೆ ಪ್ರತಿ ವರ್ಷ ಒಡೆದದ್ದು. ಅದಕ್ಕೆ ಎಂತ ಆಗ್ಲಿಲ್ಲ!"

ಕೋಣೆ ಕೂಸು ಕೊಳೆಯಿತು, ಓಣಿ ಕೂಸು ಬೆಳೆಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನದು ಕೋಣೆ ಕೂಸು. ಲವೀನಾ ಬಾಯಿ ಓಡಿಬಂದು ಶಿಲುಬೆಯ ಗುರುತು ಹಾಕಿಕೊಂಡರು. "ಸುಂದರ, ಮೊದಲು ನನ್ನ ಮಂಡೆಗೆ ಕಾಯಿ ಒಡಿ!"

ಒರೆಸಿದೆ. ಬಟ್ಟೆ ಸಂದಿಗೆ ಹೋಗಲಿಲ್ಲ. ಆಗ ಸುಂದರಣ್ಣ ತಲೆ ತಗ್ಗಿಸಿಕೊಂಡೇ ಗಾಳಿಯ ಪೈಪು ಎಳೆದು ತಂದರು. ಯಾವ ಕಂಪ್ರೆಸರಿನ ಬಾಯಿ ಮುಚ್ಚಿಸಲು ನಾನು ಘಾಟಿ ಇಳಿದು ಬಂದಿದ್ದೆನೋ, ಅದನ್ನೇ ಚಾಲು ಮಾಡಿ ಎಂದು ನಾನೇ ಹೇಳಬೇಕಾಯಿತು! ಮೊದಲು ಅದರ ಹೊಟ್ಟೆಯ ನೀರು ಬಸಿದು, ದೂರದಿಂದ ಮೆಲ್ಲಗೆ ಊದಿದೆವು. ಡಬ್ಬಿಯನ್ನು ಫ್ಯಾನಿನ ಮುಂದೆ ಇಟ್ಟು ಕಾದೆವು. ಅಷ್ಟು ಹೊತ್ತೂ ಸುಂದರಣ್ಣ ಕೂರಲಿಲ್ಲ, ಊಟಕ್ಕೂ ಹೋಗಲಿಲ್ಲ. ನನಗೆ ಬಯ್ಯುವ ಸುಖವೂ ಇಲ್ಲದಂತಾಯಿತು.

ಕೊನೆಗೆ ಮುಚ್ಚಳ ಬಿಗಿದು ಗುಂಡಿ ಒತ್ತಿದೆ. ದಂಡ ಒಮ್ಮೆ ನಡುಗಿ, ಹೊರಟಿತು. ಸಂಜೆಯ ತನಕ ನಿಲ್ಲಲಿಲ್ಲ.

"ಉಳಿದದ್ದಕ್ಕೂ ಹಾಕಿ," ಎಂದರು ಲವೀನಾ ಬಾಯಿ. "ಆದ್ರೆ ಕಂಪ್ರೆಸರ್ ಅಲ್ಲೇ ಇರ್ಲಿ. ಇವನು ಹೇಗೂ ಕಾಯಿ ಒಡೆಯುವುದು ಬಿಡುವವನಲ್ಲ."

ಗೇಟಿನಿಂದ ತಿರುಗಿ ನೋಡಿದೆ. ಸುಂದರಣ್ಣ ಹೊಸ ಯಂತ್ರದ ದಾಸವಾಳವನ್ನು ತೆಗೆದು, ಮೂಲೆಯ ಕಂಪ್ರೆಸರಿನ ಮೇಲೆ ಇಡುತ್ತಿದ್ದರು.