ಗಿಳಿ ಯಾಕೆ ಅಳಬೇಕು

ಮನಃಶಾಸ್ತ್ರ ಓದಿದವಳಿಗೆ ಬಹರೇನ್‌ನಲ್ಲಿ ಎಂತಹ ಕೆಲಸ ಸಿಗುತ್ತದೆ ಎಂದು, ಮದುವೆಯಾಗಿ ಬಂದ ಹೊಸದರಲ್ಲಿ ಎಲ್ಲರೂ ಕೇಳುತ್ತಿದ್ದರು. ಸಿಕ್ಕಿತು. ಮನಾಮಾದಲ್ಲಿ, ಮೊಬೈಲ್ ಗೇಮ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ಆಡುವವರ ಪಕ್ಕ ಕೂತು ಅವರನ್ನು ಗಮನಿಸುವುದು ನನ್ನ ಕೆಲಸ. ಎಲ್ಲಿ ಹುಬ್ಬು ಗಂಟಿಕ್ಕಿದರು, ಎಲ್ಲಿ ನಕ್ಕರು, ಎಲ್ಲಿ ಬೇಸರ ಬಂದು ಫೋನ್ ಕೆಳಗಿಟ್ಟರು. ಮೊದಮೊದಲು ಅದು ನನಗೆ ಬಹಳ ಇಷ್ಟವಾಗಿತ್ತು. ಒಗಟು ತೀರಾ ಸುಲಭವಾದರೆ ಮನಸ್ಸು ಬೇರೆಲ್ಲೋ ಹೋಗುತ್ತದೆ, ತೀರಾ ಕಷ್ಟವಾದರೆ ಮುದುಡುತ್ತದೆ. ನಡುವಿನ ಆ ಜಾಗ ಸಿಕ್ಕಿ ಆಡುವವರ ಮುಖ ಅರಳಿದಾಗ, ಸಾರಿಗೆ ಉಪ್ಪು ಸರಿಯಾಗಿ ಬಿದ್ದಂಥ ಸಮಾಧಾನ.

ನಮ್ಮ ಗೇಮಿನಲ್ಲಿ ಒಂದು ತೋಟ, ಅದರೊಳಗೊಂದು ಗಿಳಿ. ಹಣ್ಣು ಜೋಡಿಸುತ್ತಾ ಹೋದರೆ ತೋಟ ಬೆಳೆಯುತ್ತದೆ, ಗಿಳಿ ಮಾತಾಡುತ್ತದೆ. ಆ ವರ್ಷ ನನ್ನ ಅತ್ತೆ ಉಡುಪಿಯಿಂದ ಗುದೈಬಿಯಾದ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಮಾವ ತೀರಿಕೊಂಡ ಮೇಲೆ ನಾವೇ ಕರೆಸಿಕೊಂಡದ್ದು. ಗಂಡ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಸಿತ್ರಾಕ್ಕೆ ಹೋಗುತ್ತಿದ್ದರು, ನಾನು ಆಫೀಸಿಗೆ. ಸಂಜೆಯವರೆಗೆ ಅತ್ತೆ ಒಬ್ಬರೇ. ಹೊತ್ತು ಹೋಗಲೆಂದು ಗಂಡ ಅವರ ಫೋನಿಗೆ ನಮ್ಮ ಗೇಮನ್ನೇ ಹಾಕಿಕೊಟ್ಟರು. ಅತ್ತೆ ಖುಷಿಯಾಗಿ ಆಡಿ, ಸಾಕೆನಿಸಿದಾಗ ಬದಿಗಿಟ್ಟು ಅಡುಗೆಮನೆಗೆ ಹೋಗುತ್ತಿದ್ದರು.

ಒಂದು ಶುಕ್ರವಾರ ಗಂಡನ ಸ್ನೇಹಿತರ ಮನೆಯಲ್ಲಿ ಊಟವಿತ್ತು. ಎಲೆಗೆ ಅನ್ನ ಬೀಳುವ ಹೊತ್ತಿಗೆ ಅತ್ತೆ ಎದ್ದು ಬಾಲ್ಕನಿಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ ಕೈಯಲ್ಲಿ ಫೋನ್.

"ಈಗ ಆಡದಿದ್ರೆ ಗಿಳಿ ಹಾರಿಹೋಗ್ತದೆ ಮಗಾ," ಎಂದರು, ನಾಚಿಕೆಯಿಂದ.

ಫೋನ್ ತೆಗೆದುಕೊಂಡು ನೋಡಿದೆ. ನನಗೆ ತೋರಿಸದೆಯೇ ಬಿಟ್ಟ ಹೊಸ ಅಪ್‌ಡೇಟ್ ಬಂದಿತ್ತು. ಆಟ ಮುಚ್ಚಲು ಹೋದರೆ ಗಿಳಿಯ ಕಣ್ಣಲ್ಲಿ ನೀರು ತುಂಬುತ್ತದೆ. ತಡಮಾಡಿದರೆ ಗೂಡು ಖಾಲಿ, ಒಂದು ಗರಿ ಮಾತ್ರ ಬಿದ್ದಿರುತ್ತದೆ. ಅದನ್ನು ಮರಳಿ ಕರೆಯಲು ಪೆಟ್ಟಿಗೆಗಳನ್ನು ತೆರೆಯಬೇಕು; ಒಂದರಲ್ಲಿ ಏನೋ ಇರುತ್ತದೆ, ಹೆಚ್ಚಿನವುಗಳಲ್ಲಿ ಏನೂ ಇಲ್ಲ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ್ದನ್ನು ಮನಸ್ಸು ಬಿಡಲಾರದೆ ಕಾಯುತ್ತದೆ ಎಂಬುದು ನಾನು ಕಾಲೇಜಿನಲ್ಲಿ ಕಲಿತ ಮೊದಲ ಪಾಠಗಳಲ್ಲೊಂದು. ಆ ಪಾಠವನ್ನು ಯಾರೋ ಸಂಬಳ ಪಡೆದು ನನ್ನ ಅತ್ತೆಯ ಮೇಲೆ ಪ್ರಯೋಗಿಸಿದ್ದರು.

ಇನ್ನೂ ಹೊಟ್ಟೆ ಉರಿಸಿದ್ದು ಬೇರೆ ಸಂಗತಿ. ಒಂಟಿಯಾಗಿರುವ ಹಿರಿಯರು ಆಟ ಮುಚ್ಚುವಾಗ ಗಿಳಿಗೆ ಹೋಗಿಬರುತ್ತೇನೆ ಎನ್ನುತ್ತಾರೆ, ಇವರ ವಿಷಯದಲ್ಲಿ ಜಾಗ್ರತೆ ಬೇಕು ಎಂದು ಕೆಲವು ತಿಂಗಳ ಹಿಂದೆ ಮೀಟಿಂಗಿನಲ್ಲಿ ಎಚ್ಚರಿಸಿದವಳು ನಾನೇ. ಇಲ್ಲಿ ಕೆಲಸದ ವಾರ ಶುರುವಾಗುವುದೇ ಭಾನುವಾರ; ಅಂದು ಆಫೀಸಿಗೆ ಹೋದವಳೇ ಮ್ಯಾನೇಜರರ ಕೋಣೆಗೆ ನುಗ್ಗಿದೆ. ಬೆಂಗಳೂರಿನವರು, ಮೆದು ಮಾತಿನವರು.

"ಮೇಡಂ, ನೀವೇ ಹೇಳಿದ್ರಲ್ಲ, ಅವರು ಗಿಳಿಗೆ ಬೈ ಹೇಳ್ತಾರೆ ಅಂತ. ಆ ಎಮೋಷನ್ನೇ ಸ್ವಲ್ಪ ಸ್ಟ್ರಾಂಗ್ ಮಾಡಿದ್ವಿ ಅಷ್ಟೇ," ಎಂದರು.

ಬೆಂಕಿ ಇದೆ, ಮುಟ್ಟಬೇಡಿ ಎಂದರೆ, ಎಲ್ಲಿದೆ ಎಂದು ತೋರಿಸಿದ್ದಕ್ಕೆ ಥ್ಯಾಂಕ್ಸ್ ಎನ್ನುವ ಜನ. ಆ ಕೋಣೆಯಲ್ಲಿ ಏನೇನು ಹೇಳಿದೆನೋ ಈಗ ನೆನಪಿಲ್ಲ. ಹೊರಗೆ ಕೂತವರೆಲ್ಲ ಕಂಪ್ಯೂಟರಿನಿಂದ ಮುಖ ಎತ್ತಿ ನೋಡುವಷ್ಟು ಜೋರಾಗಿ ಹೇಳಿದ್ದೆ ಎಂಬುದು ಮಾತ್ರ ನೆನಪಿದೆ.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ತಯಾರಾಗಿ ನಿಂತಿದ್ದರು. ಆ ಮನುಷ್ಯನನ್ನು ತಾವೇ ಒಂದು ಮಾತು ಕೇಳಬೇಕಂತೆ. ನಾನು ತಡೆಯಲಿಲ್ಲ.

ಮ್ಯಾನೇಜರ್ ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅತ್ತೆ ಚಹಾ ಮುಟ್ಟಲಿಲ್ಲ.

"ನಾನು ಊಟಕ್ಕೆ ಏಳುವಾಗ ಆ ಗಿಳಿ ಯಾಕೆ ಅಳ್ತದೆ?"

"ನೀವಂದ್ರೆ ಅದಕ್ಕೆ ಅಷ್ಟು ಪ್ರೀತಿ, ಅಮ್ಮಾ."

"ಪ್ರೀತಿ ಇದ್ರೆ ಊಟ ಮಾಡಿ ಬನ್ನಿ ಅಂತ ಹೇಳ್ಬೇಕಲ್ವಾ?"

ಆಮೇಲೆ ಅತ್ತೆ ತಮ್ಮೂರಿನ ಚೆನ್ನೆಮಣೆಯ, ಅಂದರೆ ಅಳಗುಳಿಮಣೆಯ, ಮಾತು ತೆಗೆದರು. ತುಳುವರ ಆಟಿ ತಿಂಗಳಲ್ಲಿ ಮಳೆ ಹೊಡೆಯುವಾಗ ಹೆಂಗಸರೆಲ್ಲ ಕೂತು ಆಡುತ್ತಿದ್ದರು, ತಿಂಗಳು ಕಳೆದರೆ ಮಣೆಯನ್ನು ಒಳಗಿಟ್ಟುಬಿಡುತ್ತಿದ್ದರು, ಮತ್ತೆ ಮುಂದಿನ ಆಟಿಗೇ ತೆಗೆಯುವುದು ಎಂದೆಲ್ಲ ವಿವರಿಸಿದರು. ಆ ಮನುಷ್ಯನಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಬದಲಿಗೆ ಮ್ಯಾನೇಜರರ ಕಣ್ಣು ಹೊಳೆಯಿತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಮ್ಮಾ, ಒಂದು ಹೇಳಿ. ಅದು ಅತ್ತಾಗ ವಾಪಸ್ ಬರಬೇಕು ಅನ್ನಿಸ್ತಾ, ಇಲ್ಲಾ ಹಾರಿಹೋಗುತ್ತೆ ಅಂತ ಭಯ ಆದಾಗ್ಲಾ?"

ಅತ್ತೆ ಪಾಪ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ನಿಜವಾಗಿಯೂ ಯೋಚಿಸತೊಡಗಿದರು. ಮ್ಯಾನೇಜರ್ ಲ್ಯಾಪ್‌ಟಾಪ್ ತೆರೆದು, ಟೈಪ್ ಮಾಡಲು ಬೆರಳು ಇಟ್ಟುಕೊಂಡು ಕಾಯುತ್ತಿದ್ದರು.

"ಅತ್ತೆ, ಏಳಿ," ಎಂದೆ.

ಆ ವಾರವೇ ಕೆಲಸ ಬಿಟ್ಟೆ. ಇಷ್ಟಕ್ಕೆಲ್ಲ ಯಾರಾದರೂ ಕೆಲಸ ಬಿಡುತ್ತಾರಾ ಎಂದು ಗೆಳತಿಯರು ಕೇಳಿದರು. ಗಂಡ ಮಾತ್ರ ಕೇಳಲಿಲ್ಲ. ಅತ್ತೆ ಗೇಮನ್ನು ನನ್ನ ಎದುರಿಗೇ ಅಳಿಸಿದರು. ಕೆಲವು ದಿನ ಬಿಟ್ಟು ನೋಡಿದರೆ ಮತ್ತೆ ಹಾಕಿಕೊಂಡಿದ್ದರು.

"ಎಲ್ಲ ಗೊತ್ತುಂಟು ಮಾರಾಯ್ತಿ. ಗೊತ್ತಿದ್ರೂ ಕೈ ಹೋಗ್ತದೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಂಜೆ ಕೆಳಗಿಳಿದು ಅವರೊಂದಿಗೆ ನಡೆಯಲು ಶುರುಮಾಡಿದೆ. ಮೂರನೇ ಮಹಡಿಯ ಮಂಗಳೂರಿನ, ತುಳುವೂ ಬಲ್ಲ ಕೊಂಕಣಿ ಹೆಂಗಸೊಬ್ಬರು ಜೊತೆಯಾದರು. ಇಬ್ಬರೂ ತುಳುವಿನಲ್ಲಿ ಮಾತಿಗೆ ಬಿದ್ದರೆ ನಾನು ಅಲ್ಲಿದ್ದೇನೆಂಬುದೇ ಅವರಿಗೆ ಮರೆತುಹೋಗುತ್ತಿತ್ತು. ಫೋನ್ ಯಾವಾಗಿನಿಂದ ಮನೆಯಲ್ಲೇ ಉಳಿಯತೊಡಗಿತೋ ನಾನು ಗಮನಿಸಲಿಲ್ಲ.

ಈಗ ನಾನು ಒಂದು ಶಾಲೆಯಲ್ಲಿ ಕೌನ್ಸೆಲರ್. ಕಳೆದ ವಾರ ತಂದೆಯೊಬ್ಬರು ಮಗಳನ್ನು ಕೂರಿಸಿಕೊಂಡು ಇವಳು ಫೋನಿನ ಗೇಮ್ ಬಿಡುವುದೇ ಇಲ್ಲ, ಇವಳಿಗೆ ಸೆಲ್ಫ್ ಕಂಟ್ರೋಲೇ ಇಲ್ಲ ಎಂದು ದೂರಿದರು. ಆ ಹುಡುಗಿ ತಲೆತಗ್ಗಿಸಿ ಉಗುರು ಕೆರೆಯುತ್ತಿದ್ದಳು. ಈ ಮಗು ಒಂದು ಕಡೆ, ಇವಳನ್ನು ಹಿಡಿದಿಡುವುದು ಹೇಗೆಂದು ಓದಿ ಬಂದ ಒಂದು ಆಫೀಸು ತುಂಬ ದೊಡ್ಡವರು ಇನ್ನೊಂದು ಕಡೆ. ನೀವು ಯಾರಿಗೆ ಬೈಯುತ್ತಿದ್ದೀರಿ ಎಂದು ಕೇಳಿದೆ. ದನಿ ಏರಿತ್ತು. ಕೌನ್ಸೆಲರ್ ಆದವರು ಹೀಗೆ ಕೂಗಾಡಬಾರದು ಎಂದು ಆಮೇಲೆ ಸಹೋದ್ಯೋಗಿಯೊಬ್ಬರು ಬುದ್ಧಿ ಹೇಳಿದರು. ಹುಡುಗಿ ಮಾತ್ರ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ್ದಳು.