ಟೈಪಿಂಗ್ ಮೇಡಂ ಮತ್ತು ತೆರೆಯದ ಡ್ರೈವ್

ಗೋವಿಂದರಾಜನಗರದ ನಮ್ಮ ಟೈಪಿಂಗ್ ಮೇಡಂ ತಪ್ಪನ್ನು ತಿದ್ದಲು ಬಿಡುತ್ತಿರಲಿಲ್ಲ. ಕಣ್ಣು ಪಾಠದ ಮೇಲಿರಬೇಕು, ಬೆರಳು ನೋಡಬಾರದು. ಒಂದಕ್ಷರ ತಪ್ಪಿದರೂ ಯಂತ್ರದಿಂದ ಹಾಳೆ ಎಳೆದುಹಾಕಿ, ಸ್ಕೇಲಿನಿಂದ ಮೇಜು ಕುಟ್ಟಿ, "ಮೊದಲಿಂದ!" ಎನ್ನುತ್ತಿದ್ದರು.

ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರ್ ಬಂದ ಮೇಲೆ, ಹಳೆಯ ಶಿಷ್ಯನಾದ ನನಗೆ ಕರೆ ಬಂತು. ವೈರಸ್ ಕಾಟಕ್ಕೆ ಬೇಸತ್ತ ಮೇಡಂ ಯಾರಿಂದಲೋ ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿದ್ದರು. ಪಾಠಗಳೆಲ್ಲ ಇದ್ದ ಡ್ರೈವ್ ಈಗ ತೆರೆಯುತ್ತಿರಲಿಲ್ಲ. ಪರೀಕ್ಷೆ ಹತ್ತಿರವಿತ್ತು. ಸಂಜೆ ಬ್ಯಾಚಿನ ಹುಡುಗಿಯರು ಆಗಲೇ ಬಂದು ಕಾಯುತ್ತಿದ್ದರು.

"ನನ್ನ ಕಂಪ್ಯೂಟರು, ನಂಗೇ ಪರ್ಮಿಷನ್ ಇಲ್ಲ ಅನ್ನುತ್ತೆ ನೋಡೋ!"

ನಾನೊಂದು ಉದ್ದನೆಯ ಕಮ್ಯಾಂಡ್ ಹೊಡೆದೆ. ಡ್ರೈವ್ ತೆರೆಯಿತು. ಪಾಠಗಳು ಹಾಗೇ ಇದ್ದವು. ಆದರೆ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಇದನ್ನೇ ಮತ್ತೆ ಹೊಡೆಯಬೇಕು, ಶಾಶ್ವತ ಉಪಾಯ ನನಗೂ ಗೊತ್ತಿಲ್ಲ ಎಂದೆ. ಮೇಡಂ ಕೂಡಲೇ ಕಂಪ್ಯೂಟರ್ ಆಫ್ ಮಾಡಿಬಿಟ್ಟರು.

"ಅಯ್ಯೋ ಮೇಡಂ, ಕ್ಲಾಸ್ ಆದ್ರೂ ಮುಗಿಸಬಹುದಿತ್ತು!"

"ನಾಳೆ ನೀನಿರಲ್ಲ ಕಣೋ. ಬರ್ಕೊಡು, ನಾನೇ ಹೊಡೀತೀನಿ."

ಕಂಪ್ಯೂಟರ್ ಮತ್ತೆ ಆನ್ ಮಾಡಿ, ನಾನು ಬರೆದುಕೊಟ್ಟ ಚೀಟಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಕೊನೆಯಲ್ಲಿ ಒಂದಕ್ಷರ ತಪ್ಪಿತು.

"ಅದೊಂದನ್ನೇ ಅಳಿಸಿ ಮೇಡಂ, ಸಾಕು," ಎಂದೆ.

ಅವರು ಇಡೀ ಸಾಲನ್ನೇ ಅಳಿಸಿದರು. "ಮೊದಲಿಂದ!"

ಮತ್ತೆ ಹೊಡೆದು ಎಂಟರ್ ಒತ್ತಿದರು. ಡ್ರೈವ್ ತೆರೆದುಕೊಂಡದ್ದು ಅವರಿಗೆ ತಿಳಿದದ್ದು ಹುಡುಗಿಯರು ಹೋ ಎಂದು ಕೂಗಿದ ಮೇಲೆಯೇ. ಮೇಡಂ ಕಣ್ಣು ಇನ್ನೂ ಚೀಟಿಯ ಮೇಲೇ ಇತ್ತು.